ಅಡಿಕೆ ಶೆಡ್ಡಿನೊಳಗಿನ ಪ್ಯಾಡೆಲ್

ಮಗಳು ಆಟ ಆಡಬೇಕು ಎಂದ ದಿನವೂ ನಾನು ಮೊದಲು ಅನುಮಾನಪಟ್ಟೆ. ಇದು ಹುಟ್ಟುಗುಣವೋ ಕಸುಬಿನಿಂದ ಅಂಟಿಕೊಂಡದ್ದೋ ಹೇಳಲಾರೆ. ಸಾಗರ, ಹೊಸನಗರ, ತೀರ್ಥಹಳ್ಳಿಗಳ ನಡುವೆ ಓಡುವ ಖಾಸಗಿ ಬಸ್ಸುಗಳಲ್ಲಿ ಇಪ್ಪತ್ತೇಳು ವರ್ಷ ಚೆಕಿಂಗ್ ಇನ್ಸ್‌ಪೆಕ್ಟರ್ ಆಗಿದ್ದವನು ನಾನು. ಯಾವುದೋ ತಿರುವಿನಲ್ಲಿ ಕೈ ಅಡ್ಡ ಹಿಡಿದು ಬಸ್ಸು ನಿಲ್ಲಿಸಬೇಕು, ಹಿಂದಿನ ಬಾಗಿಲಿನಿಂದ ಹತ್ತಬೇಕು, ಮೊದಲು ತಲೆ ಎಣಿಸಬೇಕು, ಆಮೇಲೆ ಕೈ ನೋಡಬೇಕು, ಕೊನೆಗೆ ಮುಖ. ಟಿಕೆಟ್ ಇದ್ದವನ ಕೈ ತಾನಾಗಿ ಜೇಬಿಗೆ ಹೋಗುತ್ತದೆ, ಇಲ್ಲದವನ ಕೈ ಕಿಟಕಿಯ ಸರಳು ಹಿಡಿಯುತ್ತದೆ. ನಿವೃತ್ತನಾಗಿ ಮೂರು ವರ್ಷವಾದರೂ ಮದುವೆಮನೆಯ ಪಂಕ್ತಿಯಲ್ಲಿ ಕೂತರೆ ನನ್ನ ಕಣ್ಣು ತಲೆ ಎಣಿಸುತ್ತಿರುತ್ತದೆ. "ಇವರು ದೇವಸ್ಥಾನಕ್ಕೆ ಬಂದ್ರೂ ದೇವರ ಕೈ ನೋಡ್ತಾರೆ" ಎಂದು ಹೆಂಡತಿ ನೆಂಟರ ಮುಂದೆ ಆಡಿಕೊಳ್ಳುತ್ತಾಳೆ.

ಮಗಳಿಗೆ ಇಪ್ಪತ್ತೊಂಬತ್ತು. ಮದುವೆ ಮುರಿದು ಸಾಗರದ ನಮ್ಮ ಮನೆಗೆ ವಾಪಸು ಬಂದು ಆಗ ಹದಿನಾಲ್ಕು ತಿಂಗಳಾಗಿತ್ತು. ಬೆಳಿಗ್ಗೆ ರಕ್ತ ಪರೀಕ್ಷೆಯ ಲ್ಯಾಬಿಗೆ ಕೆಲಸಕ್ಕೆ ಹೋಗುತ್ತಿದ್ದಳು, ಸಂಜೆ ಬಂದು ಕೋಣೆ ಸೇರುತ್ತಿದ್ದಳು. ಊಟಕ್ಕೆ ಕರೆದರೆ ಬರುತ್ತಿದ್ದಳು, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು. ತಾನಾಗಿ ಏನನ್ನೂ ಕೇಳುತ್ತಿರಲಿಲ್ಲ. ಮಗಳು ಜಗಳವಾಡಿದರೂ ಸಾಕು ಎಂದು ನಾವಿಬ್ಬರೂ ಕಾಯುವ ಸ್ಥಿತಿಗೆ ಬಂದಿದ್ದೆವು.

ಹಾಗಿದ್ದವಳು ಏಪ್ರಿಲ್ ಕೊನೆಯ ಒಂದು ಭಾನುವಾರ ಮೊಬೈಲು ಹಿಡಿದು ಜಗಲಿಗೆ ಬಂದಳು. ಅದರಲ್ಲೊಂದು ವಿಡಿಯೊ: ಗಾಜಿನ ಗೋಡೆಗಳ ನಡುವೆ ನಾಲ್ಕು ಜನ, ತೂತು ತೂತಾದ ದಪ್ಪ ಬ್ಯಾಟು, ತಂತಿ ಇಲ್ಲ. ಚೆಂಡು ಹಿಂದಿನ ಗೋಡೆಗೆ ಬಡಿದು ವಾಪಸು ಬಂದರೂ ಬಿಡದೆ ಹೊಡೆಯುತ್ತಿದ್ದರು. "ಇದಕ್ಕೆ ಪ್ಯಾಡೆಲ್ ಅಂತಾರಪ್ಪ. ನಮ್ಮ ಕಡೆ ಎಲ್ಲಾದ್ರೂ ಇದ್ಯಾ ನೋಡ್ತೀರಾ? ನನಗೆ ಆಡ್ಬೇಕು ಅನ್ನಿಸ್ತಿದೆ" ಎಂದಳು.

ಯಾರು ಕಳಿಸಿದ ವಿಡಿಯೊ, ಯಾವನ ಸಹವಾಸ ಎಂದು ನನ್ನ ತಲೆಗೆ ತಕ್ಷಣ ಹುಳ ಹೊಕ್ಕಿತು. ಬಾಯಿ ತೆರೆಯುವಷ್ಟರಲ್ಲಿ ಹೆಂಡತಿ ಒಳಗಿನಿಂದ ಬಂದು ನನ್ನನ್ನು ನೋಡಿದ ನೋಟ ಇದೆಯಲ್ಲ, ಬಾಯಿ ಮುಚ್ಚಿಕೊಂಡೆ. ಹದಿನಾಲ್ಕು ತಿಂಗಳಲ್ಲಿ ಮಗಳು ಬಾಯಿ ಬಿಟ್ಟು ಕೇಳಿದ್ದು ಇದೊಂದೇ. ಇದನ್ನು ಹುಡುಕಿ ಕೊಡದಿದ್ದರೆ ಇನ್ನೊಂದನ್ನು ಅವಳು ಕೇಳುವುದಿಲ್ಲ ಎಂದು ನನಗೆ ಗೊತ್ತಾಯಿತು.

ಮರುದಿನದಿಂದಲೇ ಶುರು. ಸಾಗರದಲ್ಲಿ ಶಟಲ್ ಆಡುವ ಒಳಾಂಗಣದ ಉಸ್ತುವಾರಿ ನೋಡುವಾತ ವಿಡಿಯೊ ನೋಡಿ, "ಇದೆಲ್ಲ ದೊಡ್ಡೂರಿಂದು ಸಾರ್. ಇಲ್ಲಿ ಯಾರಾದ್ರೂ ಇದೆ ಅಂದ್ರೆ ನಂಬಬೇಡಿ" ಎಂದ. ಅವನ ಮಾತನ್ನೂ ನಂಬಲಿಲ್ಲ, ಅವನ ಗಿರಾಕಿ ತಪ್ಪುತ್ತದಲ್ಲ. ತೀರ್ಥಹಳ್ಳಿಯ ಜಿಮ್ಮಿನವನೊಬ್ಬ ಫೋನಿನಲ್ಲಿ "ಇದೆ, ಬನ್ನಿ" ಎಂದು ಎರಡು ಫೋಟೊ ಕಳಿಸಿದ. ಫೋಟೊದಲ್ಲಿ ಗಾಜಿನಾಚೆ ಖರ್ಜೂರದ ಮರ ಕಾಣುತ್ತಿತ್ತು. ತುಂಗೆಯ ದಡದಲ್ಲಿ ಖರ್ಜೂರ ಯಾವಾಗ ಬೆಳೆಯಿತು ಎಂದುಕೊಂಡೇ ಬಸ್ಸು ಹತ್ತಿದೆ. ಹೋಗಿ ನೋಡಿದರೆ ಕಲ್ಯಾಣಮಂಟಪದ ಊಟದ ಹಾಲಿನಲ್ಲಿ ಬಣ್ಣದ ಟೇಪು ಅಂಟಿಸಿ, ನಡುವೆ ಒಂದು ನೆಟ್ ಕಟ್ಟಿದ್ದ. ಆಡುತ್ತಿದ್ದದ್ದು ಬೇರೆಯದೇ ಆಟ. ಮದುವೆ ಇದ್ದ ದಿನ ಅದೂ ಇಲ್ಲ. ಬೈದು ಬಂದೆ.

ವಾಪಸು ಬರುವಾಗ ಹೊಸನಗರದ ಬಸ್ ನಿಲ್ದಾಣದಲ್ಲಿ ಟೀ ಕುಡಿಯುತ್ತಿದ್ದಾಗ ಹಳೆಯ ಪರಿಚಯದ ಡ್ರೈವರೊಬ್ಬ ಸಿಕ್ಕಿದ. ವಿಡಿಯೊ ತೋರಿಸಿದೆ. "ಇದಾ? ಇದನ್ನ ಇಲ್ಲೇ ಆಡ್ತಾರಲ್ಲ ಮಾರಾಯ್ರೆ, ಅಡಿಕೆ ಡ್ರೈಯರೊಳಗೆ" ಎಂದ. ತೀರ್ಥಹಳ್ಳಿ ರಸ್ತೆಯಲ್ಲಿ ಇಳಿದು ಒಳಗೆ ಒಂದು ಕಿಲೋಮೀಟರ್. ಯಾರದ್ದು ಎಂದು ಕೇಳಿದರೆ ಅವನು ಗ್ಲಾಸಿನೊಳಗೆ ನೋಡುತ್ತ, "ಹೋಗಿ ನೋಡಿ, ನಿಮಗೇ ಗೊತ್ತಾಗ್ತದೆ" ಎಂದು ನಕ್ಕ. ಆ ನಗೆ ನನಗೆ ಹಿಡಿಸಲಿಲ್ಲ.

ಮಳೆಗೆ ಹೆದರಿ ಈಗ ನಮ್ಮ ಕಡೆ ಅಡಿಕೆ ಒಣಗಿಸಲು ಪಾರದರ್ಶಕ ಶೀಟಿನ ಶೆಡ್ಡು ಕಟ್ಟುತ್ತಾರೆ, ಅದನ್ನು ಡ್ರೈಯರ್ ಎನ್ನುತ್ತಾರೆ. ಕೊಯ್ಲು ಮುಗಿದ ಮೇಲೆ ಖಾಲಿ. ಖಾಲಿ ಶೆಡ್ಡು, ಊರ ಹೊರಗೆ, ನಾಲ್ಕು ಜನ ಸೇರುತ್ತಾರೆ ಎಂದರೆ ನನ್ನ ಲೆಕ್ಕದಲ್ಲಿ ಅದು ಇಸ್ಪೀಟು. ಮಗಳನ್ನು ಕರೆದುಕೊಂಡು ಹೋಗುವ ಮೊದಲು ಒಬ್ಬನೇ ನೋಡಿ ಬರುವುದು ಎಂದು ಮಾರನೇ ದಿನ ಬೆಳಿಗ್ಗೆ ಏಳಕ್ಕೇ ಹೋದೆ. ರಸ್ತೆಯಿಂದ ನೆಟ್ಟಗೆ ಹೋಗಲಿಲ್ಲ. ಬೇಲಿಯ ಪಕ್ಕದಲ್ಲಿ ಬಗ್ಗಿ, ಲಂಟಾನದ ಮುಳ್ಳು ತರಚಿಸಿಕೊಂಡು, ಶೆಡ್ಡಿನ ಹಿಂಭಾಗಕ್ಕೆ ಹೋಗಿ ಶೀಟಿಗೆ ಮೂಗು ಒತ್ತಿದೆ.

ಒಳಗೆ ಹಸಿರು ಪ್ಲಾಸ್ಟಿಕ್ ಹುಲ್ಲುಹಾಸು. ಎರಡು ತುದಿಯಲ್ಲೂ ಪ್ಲೈವುಡ್ ಹಲಗೆ ಜೋಡಿಸಿ ಗೋಡೆ ಮಾಡಿದ್ದರು, ನಡುವೆ ನೆಟ್. ಐವತ್ತರ ಹತ್ತಿರದ ಗಂಡಸೊಬ್ಬ ಉದ್ದ ಬ್ರಷ್ಷಿನಿಂದ ಹುಲ್ಲಿನ ಮೇಲೆ ಮರಳು ಸಮ ಮಾಡುತ್ತಿದ್ದ. ಆಚೆ ತುದಿಯಲ್ಲಿ ಹುಡುಗಿಯೊಬ್ಬಳು ಗೋಡೆಗೆ ಚೆಂಡು ಹೊಡೆಯುತ್ತಿದ್ದಳು. ಗಂಡಸು ಬಗ್ಗಿದವನು ಎದ್ದು ಬೆನ್ನು ನೀವಿಕೊಂಡ. ಮುಖ ಕಂಡಿತು. ಬಂದ ದಾರಿಯಲ್ಲೇ ಬಗ್ಗಿಕೊಂಡು ವಾಪಸು ಓಡಿದೆ.

ಅವನು ನಮ್ಮ ಕಂಪನಿಯ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನು. ಹನ್ನೊಂದು ವರ್ಷದ ಹಿಂದೆ ಅವನ ಕೆಲಸ ಹೋದದ್ದು ನನ್ನ ರಿಪೋರ್ಟಿನಿಂದ.

ಅವತ್ತು ಹೊಸನಗರ ದಾಟಿದ ಮೇಲೆ ಒಂದು ತಿರುವಿನಲ್ಲಿ ಬಸ್ಸು ಹತ್ತಿದ್ದೆ. ಎಣಿಸಿದರೆ ಮೂರು ತಲೆ ಹೆಚ್ಚು. ಹಿಂದಿನ ಸೀಟಿನಲ್ಲಿ ಒಬ್ಬ ಅಜ್ಜಿ, ಅವಳ ಎರಡು ಪಕ್ಕದಲ್ಲಿ ಇಬ್ಬರು ಗಂಡಸರು. ಅವರಿಗೆ ಟಿಕೆಟ್ ಹರಿದಿರಲಿಲ್ಲ. ಕಂಡಕ್ಟರ್ ನನ್ನ ಕಿವಿಯ ಹತ್ತಿರ ಬಾಯಿ ತಂದು, "ಸಾರ್, ಸಾವಿಗೆ ಹೋಗ್ತಿದಾರೆ. ಅಜ್ಜಿ ಮಗ ಹೋಗಿದಾನೆ, ಅವರಿಗೆ ಇನ್ನೂ ಗೊತ್ತಿಲ್ಲ, ಹುಷಾರಿಲ್ಲ ಅಂತಷ್ಟೇ ಹೇಳಿ ಕರ್ಕೊಂಡು ಹೊರಟಿದಾರೆ. ಕೆಳಗಿಳಿದು ಮಾತಾಡಣ" ಎಂದ. ನಮ್ಮ ಕಡೆ ಇದು ಪದ್ಧತಿಯೇ. ಹೆತ್ತವಳಿಗೆ ದಾರಿಯಲ್ಲಿ ಹೇಳುವುದಿಲ್ಲ, ಮನೆ ಮುಟ್ಟಿದ ಮೇಲೆ ನಾಲ್ಕು ಜನ ಹಿಡಿದುಕೊಳ್ಳಲು ಇರುವಾಗ ಹೇಳುತ್ತಾರೆ. ಸಾವಿಗೆ ಹೊರಟವರಿಗೆ ಟಿಕೆಟ್ ಹರಿಯದ ಕಂಡಕ್ಟರುಗಳೂ ಹಳಬರಲ್ಲಿ ಇದ್ದರು. ಆದರೆ ಇದೇ ಕಥೆಯನ್ನು ನಾನು ಆ ವರ್ಷವೇ ಎರಡು ಸಲ ಕೇಳಿದ್ದೆ, ಎರಡೂ ಸುಳ್ಳಾಗಿತ್ತು. "ಸಾವಿನ ಕಥೆ ನನಗೆ ಹೇಳ್ಬೇಡ ಕಣಯ್ಯ. ಟಿಕೆಟ್ ಇಲ್ದವ್ರ ಮನೇಲೆಲ್ಲ ಮಗ ಸತ್ತೇ ಇರ್ತಾನೆ" ಎಂದು ಇಡೀ ಬಸ್ಸಿಗೆ ಕೇಳುವ ಹಾಗೆ ಹೇಳಿ, ಬರೆದುಕೊಂಡು, ಮುಂದಿನ ಸ್ಟಾಪಿನಲ್ಲಿ ಇಳಿದೆ. ಮೂರು ಜನ ಟಿಕೆಟ್ ರಹಿತ, ಕಂಡಕ್ಟರ್ ಶಾಮೀಲು. ವಾರದೊಳಗೆ ಅವನನ್ನು ಕೆಲಸದಿಂದ ತೆಗೆದರು.

ಇಲ್ಲಿಗೆ ಮುಗಿದಿದ್ದರೆ ನನ್ನದು ಬರೀ ತಪ್ಪು ಎನ್ನಬಹುದಿತ್ತು. ಹತ್ತು ದಿನದ ನಂತರ ತೀರ್ಥಹಳ್ಳಿಯ ಈಚೆಗೆ ಒಂದು ಬಸ್ ತಂಗುದಾಣದ ಪಕ್ಕದಲ್ಲಿ ಶ್ರದ್ಧಾಂಜಲಿಯ ಫ್ಲೆಕ್ಸ್ ಕಟ್ಟಿದ್ದು ಕಂಡಿತು. ಮೂವತ್ತು ಮೂವತ್ತೈದರ ಗಂಡಸಿನ ಫೋಟೊ. ಕಂಡಕ್ಟರ್ ಆಫೀಸಿಗೆ ಬರೆದುಕೊಟ್ಟ ಸಮಜಾಯಿಷಿಯಲ್ಲಿ ಇದ್ದ ಅದೇ ಹೆಸರು, ಅದೇ ಊರು. ತೀರಿಕೊಂಡ ತಾರೀಕು ನಾನು ಬಸ್ಸು ಹತ್ತಿದ ದಿನದ್ದು. ತುಂಬ ಹೊತ್ತು ಅದರ ಮುಂದೆ ನಿಂತಿದ್ದೆ. ಆಫೀಸಿಗೆ ಹೋಗಿ ಒಂದು ಮಾತು ಹೇಳಬಹುದಿತ್ತು. ಹೇಳಿದರೆ ನನ್ನ ಹಳೆಯ ರಿಪೋರ್ಟುಗಳನ್ನೂ ಕೆದಕುತ್ತಾರೆ ಎಂದು ಹೆದರಿದೆ. ಸುಮ್ಮನಾದೆ. ಇದನ್ನು ಹೆಂಡತಿಗೂ ಹೇಳಿರಲಿಲ್ಲ.

ಮನೆಗೆ ಬಂದು, "ಎಲ್ಲೂ ಇಲ್ಲ ಮಗಾ, ಮೂರೂ ತಾಲೂಕು ನೋಡಿದೆ" ಎಂದೆ. ಮಗಳು ಸರಿ ಎಂದು ತಲೆಯಾಡಿಸಿ ಕೋಣೆಗೆ ಹೋದಳು. ಆ ಬಾಗಿಲು ಹಾಕಿಕೊಂಡ ಸದ್ದಿಗೆ ನನಗೆ ಅನ್ನ ಇಳಿಯಲಿಲ್ಲ.

ಎರಡು ದಿನದ ಮೇಲೆ ಅವಳೇ ಬಂದು, "ಹೊಸನಗರದ ಹತ್ರ ಇದೆಯಂತಪ್ಪ. ಲ್ಯಾಬಿಗೆ ರಿಪೋರ್ಟ್ ತಗೊಳ್ಳೋಕೆ ಬಂದ ಒಬ್ಬಳು ಹುಡುಗಿ ಹೇಳಿದ್ಲು, ಅವರದ್ದೇ ಶೆಡ್ಡಂತೆ. ಅವರ ಕಡೆ ಇಬ್ಬರೇ ಇರೋದು, ನಾವು ಇಬ್ಬರು ಹೋದ್ರೆ ನಾಲ್ಕಾಗ್ತದೆ. ಭಾನುವಾರ ಹೋಗಣ" ಎಂದಳು. ನಾನು ಮೊಣಕಾಲು ನೋವು ಎಂದೆ. ಆ ರಸ್ತೆ ಸರಿಯಿಲ್ಲ ಎಂದೆ. ಗೊತ್ತಿಲ್ಲದವರ ಶೆಡ್ಡಿಗೆ ಹೋಗುವುದು ಸರಿಯಲ್ಲ ಎಂದೆ. ಮಗಳು ನನ್ನ ಮುಖವನ್ನೇ ನೋಡುತ್ತ, "ನಿಮ್ಮ ಅನುಮಾನ ನಿಮ್ಮ ಹತ್ರ ಇರಲಿ. ನಾನು ಒಬ್ಬಳೇ ಹೋಗ್ತೀನಿ" ಎಂದಳು. ಒಬ್ಬಳನ್ನೇ ಕಳಿಸಿದರೆ ಅವನು ಅವಳ ಮುಂದೆ ಏನು ಹೇಳುತ್ತಾನೋ ಎಂಬ ಭಯಕ್ಕೆ ಜೊತೆಗೆ ಹೊರಟೆ. ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತಿದ್ದೇನೆ.

ಶೆಡ್ಡಿನ ಬಾಗಿಲಲ್ಲಿ ಅವನು ನನ್ನನ್ನು ನೋಡಿದ. ಗುರುತು ಹಿಡಿಯಲು ಒಂದು ಕ್ಷಣವೂ ಬೇಕಾಗಲಿಲ್ಲ. "ಬನ್ನಿ ಸಾರ್" ಎಂದ, ಹಳೆಯ ದಿನಗಳಲ್ಲಿ ಬಸ್ಸಿನಲ್ಲಿ ಎನ್ನುತ್ತಿದ್ದ ಹಾಗೆಯೇ. "ಮೊನ್ನೆ ಲಂಟಾನ ಜಾಸ್ತಿ ತರಚಿತಾ?" ಮಗಳಿಗೆ ಅದು ಅರ್ಥವಾಗಲಿಲ್ಲ, ನಾನು ಕೆಮ್ಮಿದೆ. ಅವಮಾನಕ್ಕೆ ಇಷ್ಟೊಂದು ಪೀಠಿಕೆ ಎಂತಕ್ಕೆ, ಬೈದುಬಿಡಬಾರದೇ ಎಂದುಕೊಂಡೆ. ಅವನು ಬೈಯಲಿಲ್ಲ. ಕೈಗೆ ಬ್ಯಾಟು ಕೊಟ್ಟು, ಅದರ ಹಿಡಿಯ ದಾರವನ್ನು ಮಣಿಕಟ್ಟಿಗೆ ಹಾಕಿಸಿ, ಆಟ ಹೇಳಿಕೊಡತೊಡಗಿದ. ಚೆಂಡನ್ನು ಒಂದು ಸಲ ನೆಲಕ್ಕೆ ಬಿಟ್ಟು ಸೊಂಟದ ಕೆಳಗಿನಿಂದ ಹೊಡೆದು ಶುರು ಮಾಡಬೇಕು. ನೆಲ ಮುಟ್ಟಿ ಗೋಡೆಗೆ ಬಡಿದರೆ ಗಾಬರಿಯಾಗಬಾರದು, ಅದು ವಾಪಸು ಬರುವ ತನಕ ಕಾಯಬೇಕು.

ಕಾಯುವುದು ನನ್ನಿಂದ ಆಗದ ಕೆಲಸ. ಪ್ರತಿ ಚೆಂಡಿಗೂ ಮುಂದೆ ನುಗ್ಗಿ ಗಾಳಿಗೆ ಬ್ಯಾಟು ಬೀಸಿದೆ. ಒಮ್ಮೆ ನನ್ನದೇ ಹೊಡೆತ ಹಲಗೆಗೆ ಬಡಿದು ನನ್ನ ಬೆನ್ನಿಗೇ ಬಿತ್ತು. ಮಗಳು ನಕ್ಕಳು. ಹೊಟ್ಟೆ ಹಿಡಿದುಕೊಂಡು, ಬಗ್ಗಿ, ನೆಟ್‌ಗೆ ಒರಗಿ ನಕ್ಕಳು. ಆ ನಗು ಕೇಳಿ ಎಷ್ಟು ದಿನವಾಗಿತ್ತು. ನನಗೆ ಕಣ್ಣು ತುಂಬಿ ಬಂತು, ಬೆವರು ಒರೆಸಿಕೊಂಡ ಹಾಗೆ ಒರೆಸಿಕೊಂಡೆ.

ಈ ಆಟದಲ್ಲಿ ನನಗೆ ಸಹಿಸಲಾಗದ್ದು ಒಂದಿತ್ತು. ನಾವು ಆಡುವಾಗ ಅಂಪೈರ್ ಇಲ್ಲ. ಚೆಂಡು ಗೆರೆಯ ಒಳಗೆ ಬಿತ್ತೋ ಹೊರಗೆ ಬಿತ್ತೋ ಎಂದು ಆ ಕಡೆ ಆಡುವವರೇ ಹೇಳಬೇಕು, ಈ ಕಡೆಯವರು ನಂಬಬೇಕು. ಅವನ ಮಗಳು ಎರಡು ಸಲ "ಔಟ್ ಅಂಕಲ್" ಎಂದಳು. ಎರಡು ಸಲವೂ ನಾನು ನೆಟ್ ದಾಟಿ ಹೋಗಿ ಮರಳಿನ ಮೇಲೆ ಚೆಂಡಿನ ಗುರುತು ಹುಡುಕಿದೆ. ಮೂರನೇ ಸಲ ಅವನು ಬ್ಯಾಟು ಕೆಳಗಿಳಿಸಿ, "ಇನ್ಮೇಲೆ ನಮ್ಮ ಕಡೆದೂ ನೀವೇ ಹೇಳಿ ಸಾರ್. ನಾನು ಹೇಳಿದ್ದು ನೀವು ನಂಬಲ್ಲ" ಎಂದ. ಸಿಟ್ಟಿನಿಂದ ಹೇಳಲಿಲ್ಲ. ನಾನು ತಲೆ ತಗ್ಗಿಸಿ ನನ್ನ ಜಾಗಕ್ಕೆ ಬಂದೆ.

ಆಟ ಮುಗಿದ ಮೇಲೆ ಹುಡುಗಿಯರಿಬ್ಬರೂ ನೀರು ತರಲು ಮನೆಗೆ ಹೋದರು. ನಾವಿಬ್ಬರೂ ಗೋಡೆಗೆ ಒರಗಿ ಕೂತೆವು. ಗಲ್ಫಿನಲ್ಲಿ ಒಂಬತ್ತು ವರ್ಷ ಇಂಥದ್ದೇ ಕ್ಲಬ್ಬಿನಲ್ಲಿ ಮರಳು ಗುಡಿಸುವ ಕೆಲಸ ಮಾಡಿದೆ ಎಂದ. ಹೋಗುವಾಗ ಮಗಳು ಎರಡನೇ ಕ್ಲಾಸು, ಪೂರ್ತಿ ವಾಪಸು ಬಂದಾಗ ಪಿಯುಸಿ. "ಬಂದಾಗ ನನ್ನ ಹತ್ರ ಮಾತೇ ಆಡ್ತಿರಲಿಲ್ಲ. ಈ ಆಟ ಹೇಳ್ಕೊಟ್ಟ ಮೇಲೆ ಸ್ವಲ್ಪ ಸ್ವಲ್ಪ" ಎಂದ.

ನನಗೆ ತಡೆಯಲಾಗಲಿಲ್ಲ. "ಆ ಫ್ಲೆಕ್ಸ್ ನಾನು ಆಮೇಲೆ ನೋಡಿದ್ದೆ" ಎಂದೆ. ಜೀವನದಲ್ಲಿ ಅಷ್ಟು ಕಷ್ಟಪಟ್ಟು ಒಂದು ವಾಕ್ಯ ಹೇಳಿದ್ದು ನೆನಪಿಲ್ಲ.

"ಗೊತ್ತು" ಎಂದ. "ನೀವು ಅದರ ಮುಂದೆ ನಿಂತಿದ್ದಾಗ ನಾನು ಆಚೆ ಹೋಟ್ಲಲ್ಲಿ ಕೂತಿದ್ದೆ. ಸಾರ್ ನೋಡಿದ್ರು, ಇನ್ನು ಹೋಗಿ ಹೇಳ್ತಾರೆ ಅಂದ್ಕೊಂಡೆ. ನಾಲ್ಕು ದಿನ ಫೋನ್ ಹಿಡ್ಕೊಂಡು ಕಾದೆ. ಐದನೇ ದಿನ ಪಾಸ್‌ಪೋರ್ಟ್ ಮಾಡಿಸೋಕೆ ಹೋದೆ."

ಶೆಡ್ಡಿನ ಶೀಟು ತೆಳು. ಆಚೆ ನೀರಿನ ತಂಬಿಗೆ ಹಿಡಿದು ನನ್ನ ಮಗಳು ನಿಂತಿದ್ದಳು.

ರಸ್ತೆಯವರೆಗೆ ಅವಳು ನನಗಿಂತ ಮುಂದೆ ಮುಂದೆ ನಡೆದಳು. ಬಸ್ಸಿಗೆ ಕಾಯುತ್ತ ತಂಗುದಾಣದ ಕಟ್ಟೆಯ ಮೇಲೆ ಕೂತಾಗ ಎಲ್ಲವನ್ನೂ ಕೇಳಿದಳು, ಎಲ್ಲವನ್ನೂ ಹೇಳಿದೆ. "ನನ್ನ ಗಂಡನ ಮನೇಲೂ ಹೀಗೇ ಆಗಿದ್ದು. ನಾನು ಹೇಳಿದ್ದು ಸತ್ಯ ಅಂತ ಅವರ ಅಮ್ಮನಿಗೆ ಗೊತ್ತಿತ್ತು. ಸುಮ್ಮನಿದ್ರು" ಎಂದಳು. ಆಮೇಲೆ, "ಬರೆದುಕೊಡಿ ಅಪ್ಪ. ನಿಮ್ಮ ಕೈಯಾರೆ ಬರೆದು ಅವರಿಗೆ ಕೊಡಿ. ಅಲ್ಲೀವರೆಗೆ ನಾನು ಅಲ್ಲಿ ಬ್ಯಾಟ್ ಮುಟ್ಟಲ್ಲ" ಎಂದಳು.

"ಹನ್ನೊಂದು ವರ್ಷ ಆಯ್ತು. ಈಗ ಬರೆದು ಯಾರಿಗೆ ಎಂತ ಪ್ರಯೋಜನ?" ಎಂದೆ. ಅವಳು ಬಸ್ಸು ಬರುವ ದಿಕ್ಕು ನೋಡುತ್ತ ಕೂತಳು. ಮುಂದಿನ ಭಾನುವಾರ ಕೋಣೆಯಿಂದ ಹೊರಗೆ ಬರಲಿಲ್ಲ. ಅದರ ಮುಂದಿನ ಭಾನುವಾರವೂ ಇಲ್ಲ. ನನ್ನನ್ನು ಹೆದರಿಸಲು ಹೀಗೆ ಮಾಡುತ್ತಿದ್ದಾಳೆ ಎಂದು ಅನುಮಾನಪಟ್ಟೆ. ಅವಳು ಯಾರನ್ನೂ ಹೆದರಿಸುತ್ತಿರಲಿಲ್ಲ, ನೊಂದಿದ್ದಳು. ನಾಚಿಕೆಯಾಗಿ ಬರೆಯಲು ಕೂತೆ.

ರಿಪೋರ್ಟು ಬರೆದು ಪಳಗಿದ ಕೈ, ಎರಡು ಪುಟ ಆಯಿತು. ಟಿಕೆಟ್ ಹರಿಯದ ಕಾರಣ ಸತ್ಯವಾಗಿತ್ತು, ಕಂಡಕ್ಟರ್ ಯಾವ ವಂಚನೆಯನ್ನೂ ಮಾಡಿಲ್ಲ, ನಂತರ ನನಗೆ ಇದು ತಿಳಿದರೂ ನಾನು ತಿಳಿಸಲಿಲ್ಲ, ತಪ್ಪು ನನ್ನದು. ಕೆಳಗೆ ಸಹಿ. ಒಂದು ಪ್ರತಿ ಕಂಪನಿಗೆ, ಒಂದು ಅವನಿಗೆ.

ಮೂರನೇ ಭಾನುವಾರ ಮಗಳೂ ನಾನೂ ಹೋದೆವು. ಜೂನ್ ಹತ್ತಿರ ಬಂದಿತ್ತು, ಶೀಟಿನ ಮೇಲೆ ಮೊದಲ ಹನಿಗಳು ಬೀಳುತ್ತಿದ್ದವು. ಕಾಗದ ಮುಂದೆ ಹಿಡಿದರೆ ಅವನು ಕೈ ಚಾಚಲಿಲ್ಲ. "ನನಗೆಂತಕ್ಕೆ ಸಾರ್, ನಾನು ಬಸ್ಸಲ್ಲೇ ಇದ್ನಲ್ಲ. ಇವಳಿಗೆ ಓದಿ ಹೇಳಿ. ಟಿಕೆಟ್ ಕದ್ದವನ ಮಗಳು ಅಂತ ಸ್ಕೂಲಲ್ಲಿ ಕೇಳ್ಕೊಂಡು ಬೆಳೆದವಳು ಇವಳು" ಎಂದ.

ಹುಡುಗಿ ಬ್ಯಾಟು ಕಂಕುಳಲ್ಲಿಟ್ಟುಕೊಂಡು ನೆಟ್‌ನ ಆಚೆ ನಿಂತಳು. ನಾನು ಈಚೆ ನಿಂತು ಓದಿದೆ. ಎರಡು ಪುಟವನ್ನೂ ಒಂದಕ್ಷರ ಬಿಡದೆ ಓದಿದೆ. ಅವಳು ಅಪ್ಪನ ಕಡೆ ಒಂದು ಸಲ ನೋಡಿದಳು. ಕಣ್ಣು ಕೆಂಪಾಗಿತ್ತು. ಆಮೇಲೆ ನನ್ನನ್ನು ಕೇಳಿದಳು, "ಅಂಕಲ್, ಆ ಅಜ್ಜಿಗೆ ಯಾವಾಗ ಗೊತ್ತಾಯ್ತು?"

ನನ್ನ ಎರಡು ಪುಟದಲ್ಲಿ ಅಜ್ಜಿಯ ಮಾತೇ ಇರಲಿಲ್ಲ. ಹನ್ನೊಂದು ವರ್ಷದಲ್ಲಿ ನಾನು ಟಿಕೆಟ್ಟಿನ ಬಗ್ಗೆ, ಕಂಡಕ್ಟರಿನ ಬಗ್ಗೆ, ನನ್ನ ಕೆಲಸದ ಬಗ್ಗೆ ಯೋಚಿಸಿದ್ದೆ. ಇದನ್ನು ಒಂದು ಸಲವೂ ಯೋಚಿಸಿರಲಿಲ್ಲ. ಮನೆಗೆ ಹೋದ ಮೇಲೆ ಗೊತ್ತಾಗಿರಬೇಕು ಎಂದು ಹೇಳಲು ಹೊರಟು ಅವನ ಮುಖ ನೋಡಿದೆ. ಅವನು ಬಗ್ಗಿ ಚೆಂಡು ಆರಿಸುತ್ತಿದ್ದ.

"ಸಾರ್ ಹೇಳಿದಾಗ್ಲೇ" ಎಂದ ತಲೆ ಎತ್ತದೆ. "ಸಾರ್ ಇಳಿದ ಮೇಲೆ ಅಜ್ಜಿ ಎದ್ದು ನಿಂತು, 'ಯಾರ ಮಗ? ಯಾರ ಮಗ ಸತ್ತದ್ದು?' ಅಂತ ಒಬ್ಬೊಬ್ಬರನ್ನೇ ಕೇಳ್ತಾ ಮುಂದೆ ಬಂದ್ರು. ಯಾರೂ ಮಾತಾಡ್ಲಿಲ್ಲ. ಡ್ರೈವರ್ ಬಸ್ಸು ನಿಲ್ಲಿಸಿಬಿಟ್ಟ."

ಮಳೆ ಜೋರಾಯಿತು. ನಾನು ಅಲ್ಲೇ ಹುಲ್ಲುಹಾಸಿನ ಮೇಲೆ ಕೂತೆ. ಅಜ್ಜಿ ಈಗ ಎಲ್ಲಿದ್ದಾರೆ ಎಂದು ಕೇಳಿದೆ. ತೀರಿಕೊಂಡು ಆರು ವರ್ಷವಾಯಿತು ಎಂದ.

ಮಗಳು ತನ್ನ ಚೀಲದಿಂದ ಪೆನ್ನು ತೆಗೆದು ನನ್ನ ಪಕ್ಕದಲ್ಲಿ ಕೂತಳು. ಕಾಗದವನ್ನು ತಿರುಗಿಸಿ ಖಾಲಿ ಬದಿ ಮೇಲೆ ಮಾಡಿ ನನ್ನ ತೊಡೆಯ ಮೇಲಿಟ್ಟಳು.

"ಅದನ್ನೂ ಬರೀರಿ ಅಪ್ಪ" ಎಂದಳು.

ಬ್ಯಾಟನ್ನು ಕಾಗದದ ಅಡಿಗಿಟ್ಟುಕೊಂಡು ಬರೆದೆ. ಬ್ಯಾಟಿನ ತೂತುಗಳ ಮೇಲೆ ಪೆನ್ನು ಬಂದಲ್ಲೆಲ್ಲ ಕಾಗದ ಹರಿಯಿತು. ಅವರು ಮೂವರೂ ಆಟ ಶುರು ಮಾಡದೆ ನಾನು ಮುಗಿಸುವ ತನಕ ಕಾದರು.